ಓಣಿ ಭಣಭಣ ಅನ್ನಬಾರದು

ನನಗೆ ಕನ್ನಡದ ಬಗ್ಗೆ ಜಂಬ ಸ್ವಲ್ಪ ಜಾಸ್ತಿ. ಭಾಲ್ಕಿಯಲ್ಲಿ ಜೀವಮಾನವಿಡೀ ಕನ್ನಡ ಮಾಸ್ತರನಾಗಿದ್ದವನಿಗೆ ಪಿಂಚಣಿಯ ಜೊತೆ ಉಳಿಯುವ ಆಸ್ತಿ ಅದೊಂದೇ. ಹಾಗಾಗಿ ಬೀದರಿನ ಕಾಲೇಜಿನಲ್ಲಿ ಓದುತ್ತ, ಬಿಡುವಿದ್ದಾಗ ಮೊಬೈಲಿನಲ್ಲಿ ಜಪಾನಿ ಕಲಿಯುವ ಮೊಮ್ಮಗಳು ಮೊನ್ನೆ ರಜೆಗೆ ಬಂದು, "ಮುತ್ಯಾ, ಜಪಾನದವರು ಮೌನಕ್ಕೂ ಒಂದು ಸಪ್ಪಳ ಇಟ್ಟಾರ್ರಿ" ಎಂದಾಗ ನನ್ನ ಮೀಸೆ ತಾನಾಗಿಯೇ ಕುಣಿಯಿತು.

ಆ ಪದ 'ಶೀನ್'. ಈಕಾರವನ್ನು ಚೆನ್ನಾಗಿ ಎಳೆಯಬೇಕಂತೆ. ಜನವಿಲ್ಲದ ಗುಡಿ, ಹಿಮ ಬಿದ್ದ ಬೆಳಗು, ಪರೀಕ್ಷೆಯ ಕೋಣೆ ಇವೆಲ್ಲ ಅವರಿಗೆ 'ಶೀನ್' ಅನ್ನುತ್ತವೆ. ನಾವು 'ಗಪ್ಪಂತ ಕೂತ' ಅನ್ನುವ ಹಾಗೆ, ಅವರೂ ಪದದ ಬಾಲಕ್ಕೆ ನಮ್ಮ 'ಅಂತ' ಇದ್ದಂಥ ತುಣುಕೊಂದನ್ನು ಅಂಟಿಸಿ ಬಳಸುತ್ತಾರೆ. ಅವರ ಕಾಮಿಕ್ಸ್ ಪುಸ್ತಕಗಳಲ್ಲಿ ಯಾರಾದರೂ ಜೋಕು ಹೇಳಿ ಯಾರೂ ನಗದಿದ್ದರೆ, ಗಾಳಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಇದನ್ನೇ ಬರೆಯುತ್ತಾರಂತೆ. ನನ್ನ ತರಗತಿಗಳು ನೆನಪಾಗಿ ಪದ ಕೂಡಲೇ ಅರ್ಥವಾಯಿತು.

ಆದರೆ ಸೋಲೊಪ್ಪುವ ಪೈಕಿ ನಾನಲ್ಲ. ಕಣ್ಣು ಪಿಳಿಪಿಳಿ ಎನ್ನುವುದನ್ನು ಯಾವ ಕಿವಿ ಕೇಳಿದೆ? ಹಲ್ಲು ಫಳಫಳ ಹೊಳೆಯುವಾಗ ಏನು ಬಾರಿಸುತ್ತದೆ? ಹೊಟ್ಟೆಕಿಚ್ಚು ಒಳಗೊಳಗೇ ಧಗಧಗ ಎನ್ನುವುದು ಪಕ್ಕದವನಿಗೆ ಕೇಳಿಸುವಂತಿದ್ದರೆ ಊರಲ್ಲಿ ಬದುಕುವುದೇ ಕಷ್ಟವಾಗುತ್ತಿತ್ತು. ಸದ್ದಿಲ್ಲದ್ದಕ್ಕೆ ಸದ್ದು ಕೊಡುವುದರಲ್ಲಿ ನಾವೇನು ಕಡಿಮೆ? ಖಾಲಿ ಮನೆಗೆ ನಮ್ಮಲ್ಲಿ 'ಭಣಭಣ' ಇದೆಯಲ್ಲ ಎಂದೆ. ಒಂದು ವ್ಯತ್ಯಾಸ ಮಾತ್ರ ಒಪ್ಪಬೇಕು. ಅವರ ಶೀನ್‌ನಲ್ಲಿ ಹಾಯಾಗಿ ಕುಳಿತು ಚಹಾ ಕುಡಿಯಬಹುದು. ಭಣಭಣದಲ್ಲಿ ಕುಳಿತರೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಅದು ಇದ್ದವರು ಎದ್ದುಹೋದ ಮೇಲಿನ ಸದ್ದು. ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ, ಆ ಮಾತನ್ನು ಮನೆಯಲ್ಲಿ ಆಡಲೂ ಬಿಡುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಔರಾದ ತಾಲೂಕಿನ ಎಕಂಬಾ ನಮ್ಮೂರು. ನಿಜಾಮರ ರಾಜ್ಯದ ಕೊನೆಯ ಮಳೆಗಾಲದಲ್ಲಿ ಅವರ ಪರವಾಗಿ ಲೂಟಿ ನಡೆಸುತ್ತಿದ್ದ ರಜಾಕಾರರ ಪಡೆಗೆ ಹೆದರಿ ನಮ್ಮ ಓಣಿಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಅಪ್ಪ, ಅವ್ವ ಕೂಡ ಹೋದರು. ಆಯಿ ಹೋಗಲಿಲ್ಲ. ಲಕ್ವಾ ಹೊಡೆದು ಮಲಗಿದ್ದ ಅವಳ ಗಂಡನನ್ನು ಬಂಡಿಯಲ್ಲಿ ಅಷ್ಟು ದೂರ ಒಯ್ಯುವಂತಿರಲಿಲ್ಲ. ಹೋಗುವವರು ಕೀಲಿಕೈಗಳನ್ನು ಅವಳಿಗೆ ಒಪ್ಪಿಸಿ, ಸಂಜೆ ದೇವರ ಮುಂದೆ ದೀಪ ಹಚ್ಚಲು ಹೇಳಿದರು. ಊರಲ್ಲಿ ಇಲ್ಲದವರ ಮನೆಯ ದೀಪ ನೆರೆಯವರು ಹಚ್ಚುವುದು ನಮ್ಮ ಕಡೆಯ ರೂಢಿ.

ದೀಪ ದೇವರಿಗೆ ಸಾಕು, ಲೂಟಿಗೆ ಬರುವವರಿಗೆ ಸಾಲದು ಎಂದು ಆಯಿಗೆ ಅನ್ನಿಸಿತು. ಓಣಿ ಖಾಲಿಯೆಂದು ತಿಳಿದರೆ ನುಗ್ಗಿಬಿಡುತ್ತಾರೆ. ಆಮೇಲೆ ಎದ್ದು ಕೂರಲಾರದ ಗಂಡನ ಗತಿಯೇನು? ಅವಳು ಕೋಳಿ ಕೂಗುವ ಹೊತ್ತಿಗೆ ಎದ್ದು, ಒಂದೊಂದೇ ಮನೆಯ ಕೀಲಿ ತೆಗೆದು, ಅವರವರ ಬೀಸುಕಲ್ಲಿಗೆ ಒಂದೊಂದು ಹಿಡಿ ಜೋಳ ಹಾಕಿ ಬೀಸತೊಡಗಿದಳು. ಬರೀ ಬೀಸಿದರೆ ಯಾರು ನಂಬುತ್ತಾರೆ? ಹಾಡಲೂಬೇಕು. ಒಂದು ಮನೆಯಲ್ಲಿ ಸಣ್ಣ ದನಿ ತೆಗೆದು ಹೊಸ ಸೊಸೆಯಾದಳು, ಇನ್ನೊಂದರಲ್ಲಿ ಗೊಗ್ಗರು ದನಿಯ ಅತ್ತೆಯಾದಳು. ನಮ್ಮ ಮನೆತನದಲ್ಲಿ ಯಾರಿಗೂ ರಾಗದ ಗಂಧವಿಲ್ಲ. ಯಾರಾದರೂ ಹೆದರಿ ಓಡಿದ್ದರೆ ಕಲ್ಲಿಗೋ ಹಾಡಿಗೋ ಹೇಳಲಾರೆ.

ಎದುರು ಮನೆಯ ಚಾಂದಬಿಯ ಗಂಡ ಅರಳೆ ಹಿಂಜುವವನು. ರಜಾಕಾರರು ಆ ಮನೆಯ ತಂಟೆಗೆ ಬರುವವರಲ್ಲ, ಅವಳು ಕೌದಿ ಹೊದ್ದು ಮಲಗಿದ್ದರೂ ನಡೆಯುತ್ತಿತ್ತು. ಒಂದು ನಸುಕಿನಲ್ಲಿ ಅವಳು ಬಂದು ಕಲ್ಲಿನ ಆಚೆ ಬದಿಗೆ ಕೂತು ಗೂಟ ಹಿಡಿದಳು. "ಒಬ್ಬಾಕಿ ಎಷ್ಟು ಮನಿ ಹೆಣ್ಮಗಳು ಆಗ್ತಿ, ಅಕ್ಕಾ?" ಎಂದಳಂತೆ. ಅಂದಿನಿಂದ ಓಣಿಯಲ್ಲಿ ಜೋಡಿ ದನಿ ಕೇಳಿಸಿತು. ಸುತ್ತಲ ಊರುಗಳಿಂದ ಕೆಟ್ಟ ಸುದ್ದಿ ಬರುತ್ತಲೇ ಇತ್ತು. ನಮ್ಮ ಓಣಿಯ ಒಂದು ಬಾಗಿಲೂ ಮುರಿಯಲಿಲ್ಲ, ಹಾಸಿಗೆ ಹಿಡಿದಿದ್ದ ಅಜ್ಜನ ಕೂದಲೂ ಕೊಂಕಲಿಲ್ಲ. ಅದು ಬೀಸುಕಲ್ಲಿನ ಪ್ರತಾಪವೋ, ದಾಳಿಯವರಿಗೆ ಬೇರೆ ಕೆಲಸವಿತ್ತೋ ನನಗೆ ಗೊತ್ತಿಲ್ಲ. ನಾನಂತೂ ಪ್ರತಾಪವೆಂದೇ ಹೇಳಿಕೊಂಡು ಬಂದಿದ್ದೇನೆ.

ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಹೋದವರು ಮರಳಿ ಬಂದು ತಮ್ಮ ತಮ್ಮ ಕೀಲಿ ಪಡೆದುಕೊಂಡರು. ಅಂಜುವ ಪಾಳಿ ಈಗ ಚಾಂದಬಿಯಂಥವರದಾಯಿತು. ಸೇಡಿನ ಮಾತು ಊರಿಂದೂರಿಗೆ ಹರಿದಾಡುತ್ತಿದ್ದಾಗ ಅವಳು ಗಂಡ, ಮಕ್ಕಳೊಂದಿಗೆ ಬೀದರಿನ ನೆಂಟರ ಮನೆಗೆ ಹೊರಟಳು. ಕೀಲಿಯನ್ನು ಆಯಿಯ ಕೈಯಲ್ಲಿಟ್ಟಳು. ಮರುದಿನ ನಸುಕಿನಲ್ಲಿ ಆಯಿ ಚಾಂದಬಿಯ ಬೀಸುಕಲ್ಲಿನ ಮುಂದೆ ಕುಳಿತಿದ್ದಳು. ಆ ಮನೆ ಖಾಲಿಯೆಂದು ಊರಿಗೆಲ್ಲ ಗೊತ್ತಿತ್ತು, ಯಾರನ್ನೂ ನಂಬಿಸುವ ಹಾಗಿರಲಿಲ್ಲ. ಅದಕ್ಕೇ ಬಾಗಿಲು ತೆರೆದಿಟ್ಟು, ತನ್ನದೇ ದನಿಯಲ್ಲಿ ಹಾಡಿ ಬೀಸಿದಳು. ಓಣಿಯ ಕೆಲವರಿಗೆ ಸಿಟ್ಟು ಬಂತು. ಈ ಮನೆಯಲ್ಲಿ ನಿನಗೇನು ಕೆಲಸ ಎಂದು ಬಾಗಿಲಲ್ಲಿ ನಿಂತು ಕೇಳಿದರು.

"ನಿಮ್ಮ ಮನ್ಯಾಗ ಬೀಸಿದಾಗ ಯಾರೂ ಕೇಳ್ಲಿಲ್ಲಲ್ಲ" ಎಂದು ಆಯಿ ಇನ್ನೊಂದು ಹಿಡಿ ಜೋಳ ಹಾಕಿದಳು.

ಕೇಳಿದವರು ತಲೆ ತಗ್ಗಿಸಿ ಹೋದರು. ಆ ಬಾಗಿಲೂ ಮುರಿಯಲಿಲ್ಲ. ಇದನ್ನು ಬರೆಯುವಾಗ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ. ಅರಮನೆ ಕಟ್ಟಿದವರ ಮೊಮ್ಮಕ್ಕಳಿಗೆ ಬೀದರಿನ ಕೋಟೆಯಿದೆ, ನನಗೆ ಇಷ್ಟಾದರೂ ಬೇಡವೇ?

ಮೊಮ್ಮಗಳು ಮೊಬೈಲನ್ನು ಮಗುಚಿಟ್ಟು, ಚಾಂದಬಿ ತಿರುಗಿ ಬಂದಳೋ ಇಲ್ಲವೋ ಎಂದು ಕೇಳಿದಳು. ಬಂದಳು. ಚಳಿಗಾಲ ಮುಗಿಯುವ ಹೊತ್ತಿಗೆ, ಬೆಳಕು ಹರಿಯುವ ಮುಂಚೆ. ಮನೆ ಉಳಿದಿದೆಯೋ ಇಲ್ಲವೋ ಎಂದು ಅಂಜುತ್ತ ಬಂದವಳು ಒಳಗಿನಿಂದ ಹಾಡು ಕೇಳಿ ಹೊಸ್ತಿಲಲ್ಲೇ ನಿಂತುಬಿಟ್ಟಳಂತೆ. ಆಯಿ ಏಳಲಿಲ್ಲ, ತಿರುಗುವ ಕಲ್ಲನ್ನೂ ನಿಲ್ಲಿಸಲಿಲ್ಲ. ಗೂಟದ ಮೇಲೆ ಇನ್ನೊಂದು ಕೈಗೆ ಜಾಗ ಬಿಟ್ಟು ಹೇಳಿದಳು:

"ಬಾ, ಕೈ ಹಚ್ಚು. ನನ್ನೊಬ್ಬಾಕಿ ದನಿಗಿ ನಿನ್ನ ಮನಿ ತುಂಬವಲ್ದು."