ತಿಸಾ ನದಿಯ ಈಜುಗಾಡಿಯೊಳಗೆ ವೆಂಡೆಲ್

ವೆಂಡೆಲ್ ಚೋರ್ದಾಶ್‌ನ ಹೊಟ್ಟೆ ಎಷ್ಟು ದೊಡ್ಡದೆಂದರೆ, ಅವನು ಸ್ನಾನಕ್ಕೆಂದು ಹಂಗೇರಿಯ ತಿಸಾ ನದಿಗೆ ಇಳಿದರೆ ಎದುರು ದಡದವರು ನೆರೆ ಬಂತೆಂದು ದನಗಳನ್ನು ಮೇಲಕ್ಕೆ ಹೊಡೆಯುತ್ತಿದ್ದರು. ಅಂಥ ಹೊಟ್ಟೆ ಹೊತ್ತುಕೊಂಡು ಅವನು ತುಕ್ಕು ಹಿಡಿದ ಆ ಗಾಡಿಯ ಮೇಲ್ಬಾಗಿಲಿನಿಂದ ಒಳಗೆ ಇಳಿದದ್ದೇ ಒಂದು ಪವಾಡ. ಇಳಿದ ಮರುಕ್ಷಣ ಮುಚ್ಚಳಕ್ಕೆ ಆನಿಸಿದ್ದ ಕೊಂಬೆ ಲಟಕ್ಕನೆ ಮುರಿದು, ಮುಚ್ಚಳ ಧಡಾರನೆ ಬಿದ್ದು, ಅಗುಳಿ ಕಚ್ಚಿಕೊಂಡದ್ದು ಮಾತ್ರ ಪವಾಡವಲ್ಲ, ಅವನ ಹಣೆಬರಹ.

"ಆಂಬ್ರುಶ್! ತೆಗಿಯೋ!"

"ತೆಗೀತಾನೇ ಇದೀನಿ ಕಣೋ, ಮಿಸುಕ್ತಾ ಇಲ್ಲ," ಮೇಲಿನಿಂದ ದೋಣಿಗಾರ ಆಂಬ್ರುಶ್ ಕೂಗಿದ. "ನಿನ್ನ ಹೆಂಡ್ತಿ ಉಪ್ಪಿನಕಾಯಿ ಭರಣೀನೂ ಇಷ್ಟು ಬಿಗಿಯಾಗಿ ಮುಚ್ಚಲ್ಲ."

ಒಳಗೆ ಕಗ್ಗತ್ತಲೆ. ಎತ್ತ ಕೈ ಚಾಚಿದರೂ ಕಬ್ಬಿಣ. ತನ್ನ ಉಸಿರೇ ಗೋಡೆಗೆ ಬಡಿದು ಮತ್ತೆ ಮುಖಕ್ಕೆ ಬರುತ್ತಿತ್ತು.

ಆ ಬೇಸಿಗೆ ನದಿ ಎಷ್ಟು ಬತ್ತಿತ್ತೆಂದರೆ ಮೀನುಗಳು ದಡಕ್ಕೆ ಬಂದು ನೀರಿನ ದಾರಿ ಕೇಳುತ್ತಿದ್ದವು. ಆಗ ಊರಿನ ಮೇಲ್ಭಾಗದ ನದಿಯ ತಿರುವಿನಲ್ಲಿ, ಕೆಸರಿನಿಂದ ಇದು ಬೆನ್ನು ತೋರಿಸಿತು. ಮೂತಿ ದೋಣಿಯದು, ಕಾಲು ಲಾರಿಯದು, ಹಿಂದೆ ನೀರು ತಳ್ಳುವ ರೆಕ್ಕೆ. ಸೇನೆಯ ಗಾಡಿಯೆಂಬುದು ಸರಿ, ಆದರೆ ಯಾರ ಸೇನೆಯದು? ಕಮ್ಮಾರ ಗೆದಿಯೋನ್ ಜರ್ಮನರದೆಂದ. ಆಂಬ್ರುಶ್ ರಷ್ಯನ್ನರದೆಂದ. ವೆಂಡೆಲ್ ಮಾತ್ರ, "ನಂದು," ಎಂದ.

ಪ್ರತಿ ಚಳಿಗಾಲ ಹಂದಿ ಕೊಯ್ದ ದಿನ, ಸಾಸೇಜಿನ ಮಾಂಸದಲ್ಲಿ ಮೊಣಕೈವರೆಗೆ ಕೈಯಿಟ್ಟುಕೊಂಡು ವೆಂಡೆಲ್ ಅದೇ ಕತೆ ಹೇಳುತ್ತಿದ್ದ. ಕಡ್ಡಾಯ ಸೇವೆಗೆ ಹೋಗಿದ್ದಾಗ ತಾನು ಒಂದು ಈಜುವ ಗಾಡಿ ಓಡಿಸಿದ್ದು, ಕರ್ನಲ್‌ನನ್ನು ಕೂರಿಸಿಕೊಂಡು ತಿಸಾ ದಾಟುವಾಗ ಅದು ಮುಳುಗಿದ್ದು. ಗಾಡಿ ರಹಸ್ಯದ್ದು, ಹಾಗಾಗಿ ಮುಳುಗಿದ್ದೂ ರಹಸ್ಯ. ಕತೆಯೂ ಹಂದಿಯಂತೆ ವರ್ಷವರ್ಷವೂ ಕೊಬ್ಬುತ್ತಿತ್ತು. ಒಂದು ವರ್ಷ ಗಾಡಿಗೆ ಫಿರಂಗಿ ಬಂತು, ಇನ್ನೊಂದು ವರ್ಷ ಒಳಗೆ ಒಲೆ ಉರಿಯಿತು, ಕರ್ನಲ್ ಬಡ್ತಿ ಪಡೆದು ಜನರಲ್ ಆದ. ಊರು ನಕ್ಕಿತು, ಕುಡಿಯಿತು, ನಂಬಲಿಲ್ಲ. ಇವತ್ತು ತನ್ನ ಸ್ಟೀರಿಂಗನ್ನು ಮುಟ್ಟಿ ತೋರಿಸುತ್ತೇನೆಂದು ಒಳಗಿಳಿದಿದ್ದ.

ಕಾಲಿಗೆ ತಣ್ಣಗಾಯಿತು. ಮೇಲಿನ ಬೆಟ್ಟಗಳಲ್ಲಿ ಮಳೆ ಸುರಿದಿತ್ತು. ನದಿ ತನ್ನ ಜಾಗಕ್ಕೆ ವಾಪಸು ಬರುತ್ತಿತ್ತು. ತುಕ್ಕಿನ ತೂತುಗಳಿಂದ ನೀರು ಜಿನುಗಿ ಪಾದ ಮುಚ್ಚಿತು, ಆಮೇಲೆ ಮೊಣಕಾಲು.

"ಗ್ಯಾಸಿನ ಬೆಂಕೀಲಿ ಕೊಯ್ತೀನಿ," ಗೆದಿಯೋನ್ ಟ್ರ್ಯಾಕ್ಟರಿನಿಂದ ಸಿಲಿಂಡರ್ ಇಳಿಸಿದ. "ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಅಷ್ಟು ಹೇಳು. ಮುಚ್ಚಿದ ಟ್ಯಾಂಕಿನ ಆವಿ ಎಷ್ಟು ವರ್ಷ ಆದ್ರೂ ಸಾಯಲ್ಲ. ಜರ್ಮನ್‌ದಾದ್ರೆ ಹಿಂದೆ ಇರತ್ತೆ."

"ರಷ್ಯಾದ್ದು ಕಣಯ್ಯ, ಎರಡೂ ಪಕ್ಕ ಇರತ್ತೆ!" ಆಂಬ್ರುಶ್ ವಾದಿಸಿದ.

"ತಪ್ಪು ಕಡೆ ಬೆಂಕಿ ಇಟ್ರೆ ಈ ಸಲ ಹಂದಿ ಸುಡೋ ಕೆಲಸ ಇಲ್ಲೇ ಮುಗಿಯತ್ತೆ. ಏ ವೆಂಡೆಲ್, ಓಡಿಸಿದೋನು ನೀನಲ್ವಾ? ಹೇಳು!"

ವೆಂಡೆಲ್‌ನ ಕತೆಗಳಲ್ಲಿ ಆ ಟ್ಯಾಂಕು ಇಲ್ಲದ ಜಾಗವೇ ಇರಲಿಲ್ಲ. ಯಾವುದು ನಡೆದದ್ದು, ಯಾವುದು ಪಾಲಿಂಕಾ ಸಾರಾಯಿಯ ಎರಡನೇ ಲೋಟ ಹುಟ್ಟಿಸಿದ್ದು? ಕತ್ತಲಲ್ಲಿ ತಡಕಾಡಿದ. ತಾನು ಬಣ್ಣಿಸಿದ್ದ ಒಲೆ ಕೈಗೆ ಸಿಗಲಿಲ್ಲ. ಕಬ್ಬಿಣದ ಗಾಡಿಗಿಂತ ಮೊದಲೇ ತನ್ನ ಮಾತಿನ ಗಾಡಿಯೊಳಗೆ ಸಿಕ್ಕಿಹಾಕಿಕೊಂಡಿದ್ದೇನೆಂದು ಅವನಿಗೆ ಹೊಳೆದಾಗ ನೀರು ಸೊಂಟಕ್ಕೆ ಬಂದಿತ್ತು.

ಅಷ್ಟರಲ್ಲಿ ತಲೆಯ ಮೇಲಿನ ಕಬ್ಬಿಣಕ್ಕೆ ಸೌಟಿನಿಂದ ಟಣಟಣ ಬಡಿದ ಸದ್ದಾಯಿತು. ಹೆಂಡತಿ ಎತೆಲ್ಕಾ ಅಡುಗೆಮನೆಯಿಂದ ಹಾಗೇ ಓಡಿಬಂದಿದ್ದಳು.

"ಬದುಕಿದೀಯಾ?"

"ಇಷ್ಟೊತ್ತಿನವರೆಗೆ."

"ನಮ್ಮಪ್ಪನ ಮನೇಲಿ ಹಂದಿ ಕೊಯ್ದ ದಿನ, ನನ್ನನ್ನ ಕೇಳೋಕೆ ಬಂದಾಗ, ಮಾಂಸ ಒಣಗಿಸೋ ಹೊಗೆಮನೆ ಹಿಂದೆ ಹೇಳಿದ್ಯಲ್ಲ, ಆ ಕತೆ ಹೇಳು. ಫಿರಂಗಿ ಇಲ್ದೇ ಇರೋದು."

"ಎತೆಲ್ಕಾ, ಮೇಲೆ ಜನ ಇದಾರೆ ಕಣೇ."

"ಕೆಳಗೆ ನೀರೂ ಇದೆ. ಎಲ್ಲಿ ಕೂತಿದ್ದೆ?"

ವೆಂಡೆಲ್ ಕಣ್ಣು ಮುಚ್ಚಿದ. ಆ ಕತ್ತಲಲ್ಲಿ ಮುಚ್ಚುವ ಅಗತ್ಯವೇ ಇರಲಿಲ್ಲ. ಜನರಲ್, ಫಿರಂಗಿ, ಒಲೆ ಎಲ್ಲವೂ ಒಂದೊಂದಾಗಿ ತಿಸಾ ಪಾಲಾದವು.

"ಹಿಂದೆ," ಎಂದ. "ನಾನು ಓಡಿಸ್ಲಿಲ್ಲ. ಗಾಡಿ ಸೋರ್ತಿತ್ತು. ನಾನು ಬಕೆಟ್ಟಲ್ಲಿ ನೀರು ಮೊಗೆದು ಚೆಲ್ತಿದ್ದೆ."

ಕಪ್ಪೆಗಳೂ ವಟಗುಟ್ಟುವುದನ್ನು ನಿಲ್ಲಿಸಿ ಕಿವಿಗೊಟ್ಟವೆಂದು ಆಂಬ್ರುಶ್ ಇಂದಿಗೂ ಹೇಳುತ್ತಾನೆ.

"ಎಲ್ಲಿಂದ ಚೆಲ್ತಿದ್ದೆ?" ಎತೆಲ್ಕಾ ಬಿಡಲಿಲ್ಲ.

"ಹಿಂದಿನ ಗೋಡೇಲಿ ಕಿಟಕಿ ಥರ ಒಂದು ಬಾಗಿಲಿತ್ತು. ಬಕೆಟ್ಟಿಗೆ ಅಂತಾನೇ ಮಾಡಿದ್ರು."

"ಟ್ಯಾಂಕು?"

"ಮುಂದೆ, ಡ್ರೈವರ್ ಕಾಲ ಹತ್ರ. ಆ ವಾಸನೆಗೆ ಅವನು ಗಾಡಿ ಮುಳುಗೋವರೆಗೂ ವಾಂತಿ ಮಾಡ್ಕೊಂಡ."

ಗೆದಿಯೋನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಂಗಾದ್ರೆ ಜರ್ಮನ್‌ದಲ್ಲ."

"ರಷ್ಯಾದ್ದೂ ಅಲ್ಲ," ಆಂಬ್ರುಶ್ ಒಪ್ಪಿದ. "ಸೋರತ್ತೆ ಅಂತ ಮೊದಲೇ ಗೊತ್ತಿದ್ದು, ಸೋರೋದನ್ನ ನಿಲ್ಲಿಸೋ ಬದಲು ಬಕೆಟ್ಟಿಗೊಂದು ಬಾಗಿಲಿಟ್ಟಿದಾರೆ ಅಂದ್ರೆ, ನಮ್ಮ ಹಂಗೇರಿಯೋರೇ ಮಾಡಿದ್ದು. ಅನುಮಾನಾನೇ ಇಲ್ಲ."

ಹಿಂಭಾಗದ ಕೆಸರು ತೋಡಿದರು. ಬಾಗಿಲು ಹೇಳಿದ ಜಾಗದಲ್ಲೇ ಇತ್ತು. ಗೆದಿಯೋನ್ ಕೀಲುಗಳನ್ನು ಕೊಯ್ದು ತಗಡು ಕಿತ್ತ. ಹಗಲು ಒಳಗೆ ಬಂತು, ವೆಂಡೆಲ್‌ನ ತಲೆ ಹೊರಗೆ ಬಂತು, ಭುಜ ಬಂತು, ಹೊಟ್ಟೆ ಸಿಕ್ಕಿಕೊಂಡಿತು. ಬಕೆಟ್ಟಿನ ಬಾಗಿಲು ಬಕೆಟ್ಟಿನ ಅಳತೆಯದೇ. ಎತೆಲ್ಕಾ ಮನೆಯಿಂದ ಡಬ್ಬಿಗಟ್ಟಲೆ ಹಂದಿಕೊಬ್ಬು ತರಿಸಿ, ಬಾಣಲೆಗೆ ಸವರುವಂತೆ ಗಂಡನಿಗೆ ಸವರಿದಳು. ಇಬ್ಬರು ಎಳೆದರು, ಹಿಂದಿನಿಂದ ನದಿಯೂ ತಳ್ಳಿತು. ಬುಳುಕ್ಕೆಂದು ಹೊರಬಿದ್ದವನ ಕೈಯಲ್ಲಿ, ಹಿಡಿ ಮಾತ್ರ ಗಟ್ಟಿಯಾಗಿ ಉಳಿದಿದ್ದ ಒಂದು ನಜ್ಜುಗುಜ್ಜು ಬಕೆಟ್ಟಿತ್ತು.

ಮರುದಿನ ತಿರುವಿನಲ್ಲಿ ನೀರು ಬಿಟ್ಟು ಬೇರೇನೂ ಕಾಣಲಿಲ್ಲ.

ಆ ಚಳಿಗಾಲ ಹಂದಿ ಕೊಯ್ದ ದಿನ ವೆಂಡೆಲ್ ತಲೆ ತಗ್ಗಿಸಿ ಮಾಂಸ ಕಲಸುತ್ತಿದ್ದ. ಮೊದಲ ಸಲ ಊರು ಅವನ ಗಾಡಿಯನ್ನು ನಂಬಿತ್ತು; ಮೊದಲ ಸಲ ಅವನ ಬಳಿ ಹೇಳಲು ಏನೂ ಉಳಿದಿರಲಿಲ್ಲ. ಬಕೆಟ್ಟು ಎದುರಿನ ಗೋಡೆಯಲ್ಲೇ ನೇತಾಡುತ್ತಿತ್ತು.

"ಯಾಕೋ ಬಕೆಟ್ ಸರದಾರ, ಬಾಯಿಗೂ ತುಕ್ಕು ಹಿಡೀತಾ?" ಗೆದಿಯೋನ್ ಕೆಣಕಿದ.

ವೆಂಡೆಲ್ ಗೋಡೆಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. "ಬಕೆಟ್ ಅಂದ್ರೆ ಈಗಿನ ಬಕೆಟ್ ಅಲ್ಲ ಮಾರಾಯ," ಮೆಲ್ಲಗೆ ಶುರುಮಾಡಿದ. "ನೀರಲ್ಲಿದ್ದು ಕುಗ್ಗಿದೆ. ಆಗ ಅದರೊಳಗೆ ಒಂದು ಕರು ಆರಾಮಾಗಿ ನಿಲ್ತಿತ್ತು."

ಎಲ್ಲರೂ ಎತೆಲ್ಕಾಳ ಮುಖ ನೋಡಿದರು. ಅವಳು ಮಾಂಸಕ್ಕೆ ಒಂದು ಹಿಡಿ ಕೆಂಪು ಖಾರದಪುಡಿ ಉದುರಿಸಿದಳು.

"ಎರಡು," ಎಂದಳು.