ಹಸಿ ಅಕ್ಕಿಯ ಆಸೆ

ಗೋಣಿಕೊಪ್ಪಲಿನ ಹತ್ತಿರದ ಎಸ್ಟೇಟೊಂದರ ಕೂಲಿಯವರ ಲೈನ್ ಮನೆಯಲ್ಲಿ ಚೋಮಿಯ ಸಂಸಾರ. ಕಾಫಿ ಪಿಕ್ಕಿಂಗಿನಲ್ಲಿ ಅವಳ ಕೈ ಬಲು ಚುರುಕು. ಆದರೆ ಹೋದ ವರ್ಷ ಚೀಲ ಹೊತ್ತು ದಿಬ್ಬ ಹತ್ತಿದರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನಲವತ್ತು ದಾಟಿತಲ್ಲ, ವಯಸ್ಸು ಎಂದುಕೊಂಡಳು. ಹಗಲೆಲ್ಲ ಕರಿ ಚಹಾದಲ್ಲೇ ಕಳೆಯುತ್ತಿದ್ದಳು. ಊಟವೆಂದರೆ, ಗಂಡ ಸಿದ್ದರಾಜು ಮತ್ತು ಅತ್ತೆ ಮಾರಿ ಉಂಡ ಮೇಲೆ ಉಳಿದದ್ದು.

ಅಕ್ಕಿ ತೊಳೆಯುವಾಗ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳದೆ ಅವಳಿಗೆ ಆಗುತ್ತಿರಲಿಲ್ಲ. ಒಮ್ಮೆ ಅತ್ತೆ ಕಂಡು, "ಥೂ, ನಾಚಿಕೆ ಇಲ್ವಾ ನಿಂಗೆ?" ಎಂದು ಬೈದಳು. ಆಮೇಲೆ ಅಕ್ಕಿಯನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ತೋಟದಲ್ಲಿ ಕದ್ದು ಅಗಿಯತೊಡಗಿದಳು.

ಒಂದು ದಿನ ಕಾಫಿ ಗಿಡದ ಬುಡದಲ್ಲೇ ಕುಸಿದಳು. ಸಿದ್ದರಾಜು ಬಾಡಿಗೆ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ನರ್ಸ್ ಮಾಲತಿ ಅವಳ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದ್ದನ್ನು ನೋಡಿ ಕೇಳಿದಳು: "ಮಣ್ಣೋ, ಹಸಿ ಅಕ್ಕಿಯೋ ತಿನ್ಬೇಕು ಅನ್ಸುತ್ತಾ?"

ಚೋಮಿ ಗಂಡನತ್ತ ನೋಡಿ ತಲೆ ತಗ್ಗಿಸಿದಳು. "ಹೂಂ ಅಕ್ಕಾ, ಅಕ್ಕಿ" ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು.

"ಅಳ್ಬೇಡಿ. ಅದು ಕೆಟ್ಟ ಚಟ ಅಲ್ಲ. ಮೈಯಲ್ಲಿ ಕಬ್ಬಿಣದಂಶ ಕಮ್ಮಿ ಆದ್ರೆ ಹಂಗಾಗುತ್ತೆ. ಮುಟ್ಟಾದಾಗ ಜಾಸ್ತಿ ಹೋಗುತ್ತಾ?"

ಹೌದೆಂದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಅದಕ್ಕೂ ತಪಾಸಣೆ ಮಾಡಿ ಔಷಧಿ ಕೊಟ್ಟರು. ಜೊತೆಗೆ ಕಬ್ಬಿಣದ ಮಾತ್ರೆ.

ಮಾತ್ರೆ ತಿಂದ ಮೇಲೆ ಮಲ ಕಪ್ಪಗಾಯಿತು. ಹೆದರಿದ ಚೋಮಿ ಮಾತ್ರೆ ಬಿಟ್ಟೇಬಿಟ್ಟಳು. ಸಿದ್ದರಾಜು ತಾನೇ ಮಾಲತಿಯ ಬಳಿ ಹೋಗಿ ಸಂಕೋಚದಿಂದ ಕೇಳಿದ: "ಸಿಸ್ಟರೇ, ಅವ್ಳಿಗೆ ಕಪ್ಪಗೆ ಹೋಗ್ತದೆ. ಏನಾದ್ರೂ ಆಯ್ತಾ?"

"ಆ ಮಾತ್ರೆಗೆ ಹಂಗೇ ಆಗೋದು, ನಿಲ್ಲಿಸ್ಬೇಡಿ. ಮಾತ್ರೆ ಜೊತೆ ಚಹಾ ಮಾತ್ರ ಬೇಡ, ಎರಡು ಗಂಟೆ ಬಿಟ್ಟು ಕುಡೀಲಿ. ನಿಂಬೆಹಣ್ಣಿನ ನೀರಾದ್ರೆ ಒಳ್ಳೇದು. ಸೊಪ್ಪು, ಕಾಳು, ಮೀನು ಅವ್ರ ತಟ್ಟೆಗೂ ಬೀಳ್ಲಿ."

ಕೊನೆಯ ಮಾತು ಅವನಿಗೆ ನಾಟಿತು. ಸಂಜೆ ಸಂತೆಯಿಂದ ಮತ್ತಿ ಮೀನು ತಂದ. ಮೂವರೂ ಒಟ್ಟಿಗೇ ಉಣ್ಣಬೇಕೆಂದು ಪಟ್ಟು ಹಿಡಿದ. ಮಾರಿ ಗೊಣಗಿದಳು. ನರ್ಸ್ ಹೇಳಿದ್ದನ್ನೆಲ್ಲ ಮಗ ವಿವರಿಸಿದಾಗ ಮಾತ್ರ ಅವಳ ಕೈ ತಟ್ಟೆಯಲ್ಲೇ ನಿಂತಿತು.

"ನೀನು ಹೊಟ್ಟೇಲಿದ್ದಾಗ ನಾನು ಒಲೆ ಮಣ್ಣು ತಿಂತಿದ್ದೆ ಕಣೋ," ಎಂದಳು ಮೆಲ್ಲಗೆ. "ನಮ್ಮತ್ತೆ ಕೋಲು ತಗೊಂಡು ಹೊಡೆದಿದ್ಲು. ಯಾಕೆ ಅಂತ ಯಾರೂ ಕೇಳ್ಲಿಲ್ಲ."

ತನ್ನ ತಟ್ಟೆಯ ದೊಡ್ಡ ಮೀನನ್ನು ಎತ್ತಿ ಸೊಸೆಗೆ ಹಾಕಿದಳು. ಚೋಮಿ ಅದನ್ನು ಅರ್ಧ ಮುರಿದು ಅತ್ತೆಗೇ ಮರಳಿಸಿದಳು.

ಕೆಲವು ತಿಂಗಳಲ್ಲಿ ಚೋಮಿಯ ಮುಖಕ್ಕೆ ಕಳೆ ಬಂತು. ಮುಂದಿನ ಸಲ ರಕ್ತ ಪರೀಕ್ಷೆಗೆ ಹೊರಟಾಗ, ಬೇಡ ಬೇಡ ಎನ್ನುತ್ತಿದ್ದ ಮಾರಿಯನ್ನೂ ಕೈಹಿಡಿದು ಜೀಪು ಹತ್ತಿಸಿದಳು.