ಕೊನೆಯ ದ್ವೀಪದ ಗದ್ದೆ

ನಮ್ಮ ಮಾವ ಸಮುದ್ರ ನೋಡಿದವರಲ್ಲ. ಆದರೂ ಜಪಾನಿನ ಹಡಗುಗಳ ಲೆಕ್ಕಾಚಾರ ಅವರಿಗೆ ಅರ್ಥವಾದಷ್ಟು ರಾವಂದೂರಿನ ಸುತ್ತಮುತ್ತ ಇನ್ನಾರಿಗೂ ಆಗಿರಲಿಲ್ಲ ಎಂದು ಈಗಲೂ ಪಂದ್ಯ ಕಟ್ಟಬಲ್ಲೆ. ಅವರು ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಯಾವತ್ತು ನೀರು ಎಂದು ಸರದಿ ನಡೆಸುವುದು ಅವರ ಕೆಲಸ.

ಸಿಂಗಪುರ ಜಪಾನಿನವರ ಕೈಸೇರಿದ ವರ್ಷ ನಾನು ಹೊಸ ಸೊಸೆ. ಮಾವನಿಗೆ ಓದು ಬಾರದು, ನನಗೆ ಬರುತ್ತಿತ್ತು. ಪೊಟ್ಟಣ ಕಟ್ಟಲು ಅಂಗಡಿಯವನು ಇಟ್ಟುಕೊಂಡ ಪತ್ರಿಕೆಯನ್ನು ಕೇಳಿ ತರುತ್ತಿದ್ದರು. ಸೊಸೆ ಮಾವನ ಎದುರು ಕೂರುವ ಹಾಗಿರಲಿಲ್ಲವಲ್ಲ, ನಾನು ಬಾಗಿಲ ಹಿಂದೆ ನಿಂತು ಓದುತ್ತಿದ್ದೆ. ಅವರು ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೇಳುತ್ತಿದ್ದರು.

ಜಪಾನಿನಲ್ಲಿ ಎಣ್ಣೆ ಇಲ್ಲ, ದಕ್ಷಿಣದ ದ್ವೀಪಗಳಿಂದ ಹಡಗಿನಲ್ಲೇ ತರಬೇಕು, ಅದಕ್ಕೇ ಸಮುದ್ರದ ಇಕ್ಕಟ್ಟು ದಾರಿಗಳನ್ನೆಲ್ಲ ಹಿಡಿದು ಕಾಯುತ್ತಿದ್ದಾರೆ ಎಂದು ಒಂದು ದಿನ ಓದಿದೆ.

"ತೂಬು ಇಡ್ಕಂಡವ್ರೆ ಅನ್ನು," ಎಂದರು ಮಾವ. "ಕೆರೆ ಯಾರ್ದಾದ್ರೂ ಆಗ್ಲಿ, ತೂಬು ಇಡ್ಕಂಡೋನ್ದೇ ನೀರು. ಆದ್ರೆ ಏಳು ಕೆರೆ ಕಾಯೋಕೆ ಒಂಟೋನು ಒಂದ್ ಕೆರೇನೂ ಉಳಿಸ್ಕಳಲ್ಲ ಕಣವ್ವ."

ಆ ಸಲ ಹಿಂಗಾರು ಸ್ವಲ್ಪ ಮುನಿಸಿಕೊಂಡಿತು. ಕೆರೆಯಲ್ಲಿ ನೀರು ಕಡಿಮೆಯಾದರೆ ಮೇಲಿನ ಗದ್ದೆಗಳಿಗಷ್ಟೇ ಸರದಿ, ಕೊನೆಯ ಗದ್ದೆಗಿಲ್ಲ ಎನ್ನುವುದು ಊರಿನ ಕಟ್ಟಳೆ. ಆ ಕೊನೆಯ ಗದ್ದೆ ಪಕ್ಕದೂರಿನ ನನ್ನ ತೌರಿನದು. ಅಪ್ಪನ ಭತ್ತ ಹೊಡೆಗೆ ಬಂದಿತ್ತು, ಇನ್ನೇನು ತೆನೆ ಹೊರಡಬೇಕು. ಇನ್ನೊಂದು ನೀರು ಸಿಕ್ಕರೆ ಅನ್ನ, ಇಲ್ಲದಿದ್ದರೆ ಬರೀ ಹುಲ್ಲು. ಮಾವನನ್ನು ಕೇಳೋಣವೆಂದರೆ, ತೌರಿನ ಕಡೆಗೆ ನೀರು ತಿರುಗಿಸಿದಳು ಎನ್ನಿಸಿಕೊಳ್ಳಲು ಯಾವ ಸೊಸೆಗೆ ಆಸೆ?

ಕೊನೆಗೊಂದು ದಿನ ಪತ್ರಿಕೆಯಲ್ಲಿ ಇಲ್ಲದ ಸುದ್ದಿಯೊಂದನ್ನು ಗಂಭೀರವಾಗಿ ಓದಿಬಿಟ್ಟೆ. "ಜಪಾನಿನ ಹಡಗುಗಳು ಮೇಲಿನ ದ್ವೀಪಗಳಿಗೆ ಮಾತ್ರ ಅಕ್ಕಿ ಬಿಟ್ಟವು. ಕೊನೆಯ ದ್ವೀಪದವರು ಹಸಿದು ತಿರುಗಿಬಿದ್ದರು. ಆದ್ದರಿಂದ ಅವರಿಗೂ ಒಂದು ಪಾಲು ಕೊಡತಕ್ಕದ್ದೆಂದು ದಳಪತಿಗಳು ಅಪ್ಪಣೆ ಮಾಡಿರುತ್ತಾರೆ."

ಮಾವ ಎದ್ದುಹೋಗಿ ಎಲೆ ಉಗಿದು ಬಂದು ಕೂತರು.

"ಆ ಕೊನೇ ದ್ವೀಪ್ದಲ್ಲಿ ನಿಮ್ಮಪ್ಪನ್ ಗದ್ದೆ ಎಷ್ಟಯ್ತವ್ವ?"

ನಾನು ಪತ್ರಿಕೆ ಮಡಿಚಿಟ್ಟೆ. ಅವತ್ತು ಪತ್ರಿಕೆ ಕೊಡುವ ಮೊದಲೇ ಅಂಗಡಿಯವನು ಯುದ್ಧದ ಸುದ್ದಿಯನ್ನೆಲ್ಲ ಓದಿ ಹೇಳಿದ್ದನಂತೆ.

"ಊರಿನ್ ಸರದಿ ಮುರಿಯೋಕಾಗಲ್ಲ," ಎಂದರು. "ನಾಳೆ ನಮ್ ಮಾನ್ಯದ್ ಗದ್ದೆ ಸರದಿ. ಅದು ನಂದು, ಯಾರ್ಗಾದ್ರೂ ಬುಡ್ತೀನಿ. ಬದ ಸರಿ ಮಾಡ್ಕಳಕ್ಕೆ ನಿಮ್ಮಪ್ಪಂಗೆ ಏಳ್ಕಳ್ಸು. ಇನ್ಮ್ಯಾಕೆ ಪತ್ರಿಕೇಲಿ ಇದ್ದಂಗೆ ಓದು."

ಮಾನ್ಯವೆಂದರೆ ನೀರುಗಂಟಿ ಕೆಲಸಕ್ಕೆಂದು ಊರು ಬಿಟ್ಟುಕೊಟ್ಟ ನೆಲ. ನಮಗಿದ್ದ ಗದ್ದೆ ಅದೊಂದೇ.

ಅಪ್ಪನ ಭತ್ತ ತೆನೆ ಬಾಗಿ ನಿಂತಿತು. ನಮ್ಮದರಲ್ಲಿ ಅರ್ಧಕ್ಕರ್ಧ ಜೊಳ್ಳು. ನನಗೆ ನಾಚಿಕೆಯೂ ಆಯಿತು, ಸುಳ್ಳೇಕೆ, ಸಂತೋಷವೇ ಹೆಚ್ಚಾಯಿತು. ಸುಗ್ಗಿಯಲ್ಲಿ ಅತ್ತೆ ಮೊರ ಹಿಡಿದು ಕೇರುತ್ತಾ, "ಈ ವರ್ಸ ಯಾಕಿಂಗೆ ಜೊಳ್ಳಾಯ್ತು?" ಎಂದು ಕೇಳಿದರು.

ಮಾವ ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ.

"ಜಪಾನೋರು ಕಣೆ," ಎಂದರು.